ಒತ್ತಬೇಡ: ತುರ್ಕಿ ಭಾಷೆಯಲ್ಲಿ ಮೊದಲು ಕಲಿಯಬೇಕಾದ ಪಾಠ

ಪಲ್ಲಾವರಂನ ನಮ್ಮ ಮನೆಯಲ್ಲಿ ಪ್ರತಿ ಭಾನುವಾರ ಅಸರ್ ನಮಾಜ್ ಆದ ಮೇಲೆ ಒಂದು ಗಂಟೆ ತುರ್ಕಿ ಭಾಷೆಯ ಪಾಠ ನಡೆಯುತ್ತೆ. ನಾನೇನೂ ತುರ್ಕಿ ವಿದ್ವಾಂಸಳಲ್ಲ. ನನ್ನ ಊರು ಶಿರಾ. ಮನೆಮಾತು ದಖ್ಖನಿ ಉರ್ದು, ಓದಿದ್ದು ಕನ್ನಡ ಮಾಧ್ಯಮದಲ್ಲಿ, ಆಮೇಲೆ ಬಿ.ಎಡ್., ಮದುವೆಯಾಗಿ ಬಂದದ್ದು ತಮಿಳಿನ ನಡುವೆ. 2020ರಲ್ಲಿ ಎರ್ತುಗ್ರುಲ್ ಧಾರಾವಾಹಿ ಉರ್ದುವಿಗೆ ಡಬ್ ಆಗಿ ಬಂದಾಗ ಮನೆಮಂದಿಯೆಲ್ಲ ಕೂತು ನೋಡಿದೆವು. ಆ ಹುಚ್ಚಿನಲ್ಲಿ ಶುರುವಾದದ್ದು ನನ್ನ ಕಲಿಕೆ. ಕಲಿತದ್ದನ್ನು ಕಲಿಸೋದು ಮೇಷ್ಟ್ರುಗಳ ರೋಗ, ಅದು ನನಗೂ ಇದೆ.

ನನ್ನ ಮೊದಲ ವಿದ್ಯಾರ್ಥಿಗಳಲ್ಲಿ ಒಬ್ಬ ನಮ್ಮ ಖಾಲಾ ಮಗ. ಪಲ್ಲಾವರಂ, ಕ್ರೋಂಪೇಟೆ ಕಡೆಯವರಿಗೆ ಚರ್ಮದ ಕೆಲಸ ಹೊಸದಲ್ಲ. ಕ್ರೋಂಪೇಟೆ ಅನ್ನುವ ಹೆಸರೇ ಕ್ರೋಮ್ ಲೆದರ್ ಕಂಪನಿಯಿಂದ ಬಂದದ್ದು. ಅವನೂ ಟ್ಯಾನರಿ ಯಂತ್ರಗಳ ಕೆಲಸ ಕಲಿತು ಇಸ್ತಾಂಬುಲ್ ಹತ್ತಿರ ಒಂದು ಕಾರ್ಖಾನೆಗೆ ಹೊರಟ. ಹೋಗುವ ಮುಂಚೆ ಮೂರು ತಿಂಗಳು ನನ್ನ ಹತ್ತಿರ ಪಾಠ ಹೇಳಿಸಿಕೊಂಡ. ಸಲಾಂ, ಕ್ಷೇಮಸಮಾಚಾರ, ಒಂದರಿಂದ ನೂರು, ವಾರದ ಹೆಸರು, ಬಾ, ಹೋಗು, ಕೂತ್ಕೋ, ಒತ್ತು... ಎಲ್ಲ ಹೇಳಿಕೊಟ್ಟೆ. ನಿಷೇಧದ ಪಾಠ ಪುಸ್ತಕದಲ್ಲಿ ಹಿಂದೆ ಇತ್ತು. ಅಲ್ಲಿಗೆ ಹೋಗಿ ಮುಟ್ಟುವಷ್ಟರಲ್ಲಿ ವೀಸಾ ಬಂತು.

ಹೋದ ಎರಡನೇ ವಾರ ಚರ್ಮವನ್ನು ಸಮ ಮಾಡುವ ರೋಲರ್ ಯಂತ್ರದ ಮುಂದೆ ನಿಂತಿದ್ದಾನೆ. ಒಂದು ಕೈ ಚರ್ಮದ ಮೇಲೆ, ಇನ್ನೊಂದು ಗುಂಡಿಯ ಹತ್ತಿರ. ಆ ಕಡೆಯಿಂದ ಹಿರಿಯ ಕೆಲಸಗಾರ ಕೂಗಿದ: ‘ಬಸ್ಮ!’ ಯಂತ್ರದ ಗದ್ದಲದಲ್ಲಿ ಇವನಿಗೆ ಕೇಳಿದ್ದು ‘ಬಸ್’ ಅಷ್ಟೇ. ತುರ್ಕಿಯಲ್ಲಿ ‘ಬಸ್’ ಅಂದರೆ ‘ಒತ್ತು’. ಒತ್ತಿದ. ಕೈಗವಸು ರೋಲರ್ ಒಳಗೆ ಹೋಯ್ತು. ಅಲ್ಲಾಹನ ದಯೆ, ಕೈ ಉಳೀತು.

ಆ ರಾತ್ರಿ ಫೋನ್ ಮಾಡಿ ಅವನು ಕೇಳಿದ್ದು ಒಂದೇ ಮಾತು. ‘ಆಪಾ, ಇದನ್ನ ಮೊದಲೇ ಹೇಳಿಕೊಡಬಾರದಿತ್ತಾ?’ ನಮ್ಮ ಉರ್ದುವಿನಲ್ಲಿ ‘ಬಸ್’ ಅಂದರೆ ‘ಸಾಕು, ನಿಲ್ಲಿಸು’. ನನ್ನ ಹತ್ತಿರ ಪಾಠಕ್ಕೇ ಬರದೆ ಬರೀ ಉರ್ದು ನಂಬಿಕೊಂಡು ಹೋಗಿದ್ದರೆ ಅವನು ಗುಂಡಿ ಮುಟ್ಟುತ್ತಲೇ ಇರಲಿಲ್ಲ.

ಅವತ್ತಿನಿಂದ ನನ್ನ ಪಾಠದ ಕ್ರಮ ಬದಲಾಯ್ತು. ಯಾರೇ ಹೊಸಬರು ಬಂದರೂ ಮೊದಲ ದಿನವೇ ‘ಮಾಡು’ ಜೊತೆಗೆ ‘ಮಾಡಬೇಡ’ ಕಲಿಸುತ್ತೇನೆ. ಆ ಮೊದಲ ಪಾಠವನ್ನೇ ಇಲ್ಲಿ ಬರೆದಿದ್ದೇನೆ. ಕನ್ನಡ, ಉರ್ದು ಎರಡೂ ಬಲ್ಲವರಿಗೆ ಇದು ಕಷ್ಟವೇ ಅಲ್ಲ.

ಮೊದಲು ‘ಮಾಡು’

ತುರ್ಕಿಯಲ್ಲಿ ಕ್ರಿಯಾಪದದ ಬೇರು ಏನಿದೆಯೋ ಅದೇ ಆಜ್ಞೆ. ನಮ್ಮ ‘ಬಾ’, ‘ನೋಡು’ ಇದ್ದ ಹಾಗೆ. ಗೆಲ್ ಅಂದರೆ ಬಾ (ನಮ್ಮ ಗೆಲ್ಲುವುದಕ್ಕೂ ಇದಕ್ಕೂ ಸಂಬಂಧ ಇಲ್ಲ). ಗಿತ್ ಅಂದರೆ ಹೋಗು. ಬಕ್, ನೋಡು. ಇಚ್, ಕುಡಿ. ಒತುರ್, ಕೂತ್ಕೋ. ದೊಕುನ್, ಮುಟ್ಟು. ಅಚ್, ತೆಗೆ. ಬಸ್, ಒತ್ತು. ಇದೇ ‘ಬಸ್’ಗೆ ಕಾಲಿಂದ ತುಳಿ ಅನ್ನುವ ಅರ್ಥವೂ ಇದೆ.

ಒಂದು ಮಾತು. ತುರ್ಕರು 1928ರವರೆಗೆ ಅರಬ್ಬಿ ಲಿಪಿಯಲ್ಲಿ ಬರೆಯುತ್ತಿದ್ದರು, ಆ ವರ್ಷ ಲ್ಯಾಟಿನ್ ಲಿಪಿಗೆ ಹೋದರು. ಅರಬ್ಬಿ ಲಿಪಿಯಲ್ಲಿ ತುರ್ಕಿಯ ಎಂಟು ಸ್ವರಗಳನ್ನು ಸರಿಯಾಗಿ ಬೇರೆಬೇರೆ ತೋರಿಸೋದು ಕಷ್ಟ ಅನ್ನೋದು ಆಗ ಕೊಟ್ಟ ಕಾರಣಗಳಲ್ಲಿ ಒಂದು. ನಮ್ಮ ಕನ್ನಡ ಲಿಪಿಯಲ್ಲಿ ಎ ಬೇರೆ, ಇ ಬೇರೆ, ಒ ಬೇರೆ, ಉ ಬೇರೆ. ಅದಕ್ಕೇ ನನ್ನ ವಿದ್ಯಾರ್ಥಿಗಳು ನೋಟ್ಸನ್ನು ಕನ್ನಡದಲ್ಲಿ ಬರೆದುಕೊಂಡರೆ ಉಚ್ಚಾರ ಬೇಗ ಹಿಡಿಯುತ್ತಾರೆ.

ಈಗ ‘ಮಾಡಬೇಡ’

ಬೇರಿಗೆ ‘ಮ’ ಅಥವಾ ‘ಮೆ’ ಅಂಟಿಸಿ. ಮುಗೀತು.

ಗೆಲ್, ಗೆಲ್ಮೆ: ಬರಬೇಡ. ಗಿತ್, ಗಿತ್ಮೆ: ಹೋಗಬೇಡ. ಇಚ್, ಇಚ್ಮೆ: ಕುಡಿಯಬೇಡ. ಬಕ್, ಬಕ್ಮ: ನೋಡಬೇಡ. ಬಸ್, ಬಸ್ಮ: ಒತ್ತಬೇಡ. ದೊಕುನ್, ದೊಕುನ್ಮ: ಮುಟ್ಟಬೇಡ. ಉನುತ್, ಉನುತ್ಮ: ಮರೆಯಬೇಡ. ಕೊರ್ಕ್, ಕೊರ್ಕ್ಮ: ಹೆದರಬೇಡ. ತುರ್ಕಿಯ ರಾಷ್ಟ್ರಗೀತೆ ಬರೆದವರು ಮೆಹ್ಮೆತ್ ಆಕಿಫ್ ಎರ್ಸೊಯ್. 1921ರಲ್ಲಿ ಒಪ್ಪಿಕೊಂಡ ಆ ಗೀತೆ ಶುರುವಾಗೋದೇ ‘ಹೆದರಬೇಡ’ ಅನ್ನುವ ಅರ್ಥದ ಪದದಿಂದ. ಅಂದರೆ ಅಲ್ಲಿನ ಶಾಲೆ ಮಕ್ಕಳಿಗೂ ನಿಷೇಧದ ಪಾಠ ಬೇಗನೇ ಬಾಯಿಗೆ ಬರುತ್ತೆ.

‘ಮ’ ಯಾವಾಗ, ‘ಮೆ’ ಯಾವಾಗ? ಬೇರಿನ ಕೊನೆಯ ಸ್ವರ ನೋಡಿ. ಅದು ಅ, ಒ, ಉ ಆಗಿದ್ದರೆ ‘ಮ’. ಎ, ಇ ಆಗಿದ್ದರೆ ‘ಮೆ’. ನಮ್ಮಲ್ಲಿ ಇಲ್ಲದ ಮೂರು ಸ್ವರ ಅವರಲ್ಲಿ ಇವೆ. ಒಂದು, ತುಟಿ ಗುಂಡಗೆ ಮಾಡದೆ ಹೇಳುವ ‘ಉ’. ಚೆನ್ನೈಯಲ್ಲಿ ಇರೋರಿಗೆ ಇದು ಸುಲಭ: ತಮಿಳರು ‘ಅದು’, ‘ಇದು’ ಅನ್ನುವಾಗ ಕೊನೆಯ ‘ಉ’ ಹೇಗೆ ಹೇಳ್ತಾರೋ ಬಹುಮಟ್ಟಿಗೆ ಹಾಗೇ. ಇದರ ಮುಂದೆ ‘ಮ’. ಇನ್ನೆರಡು, ತುಟಿ ಗುಂಡಗೆ ಮಾಡಿ ಹೇಳುವ ‘ಎ’ ಮತ್ತು ತುಟಿ ಗುಂಡಗೆ ಮಾಡಿ ಹೇಳುವ ‘ಇ’. ಇವುಗಳ ಮುಂದೆ ‘ಮೆ’. ನಗು ಅನ್ನೋದಕ್ಕೆ ‘ಗ್ಯುಲ್’, ನಗಬೇಡ ಅನ್ನೋದಕ್ಕೆ ‘ಗ್ಯುಲ್ಮೆ’. ಹೇಳು ಅನ್ನೋದಕ್ಕೆ ‘ಸೊಯ್ಲೆ’, ಹೇಳಬೇಡಕ್ಕೆ ‘ಸೊಯ್ಲೆಮೆ’.

ಇದಕ್ಕೆ ಸ್ವರಸಾಮರಸ್ಯ ಅಂತಾರೆ. ಹೆಸರು ದೊಡ್ಡದು, ವಿಷಯ ಸಣ್ಣದು. ನಾಲಗೆ ಬಾಯಿಯ ಹಿಂದಿನ ಭಾಗದಲ್ಲಿದ್ದರೆ ಅಲ್ಲೇ ಇರಲಿ, ಮುಂದೆ ಬಂದಿದ್ದರೆ ಮುಂದೆಯೇ ಇರಲಿ, ಸುಮ್ಮನೆ ಓಡಾಡಿಸೋದು ಬೇಡ ಅಂತ ಅಷ್ಟೇ. ಹತ್ತು ಸಲ ಜೋರಾಗಿ ಹೇಳಿದರೆ ನಿಯಮ ನೆನಪಿಟ್ಟುಕೊಳ್ಳುವ ಗೋಜೇ ಇಲ್ಲ. ‘ಗೆಲ್ಮ’ ಅಂತ ಹೇಳೋಕೆ ಹೋದರೆ ನಾಲಗೆಯೇ ತಡೆಯುತ್ತೆ.

‘ಬೇಡ’ ಎಲ್ಲಿ ಕೂರುತ್ತೆ?

ಉರ್ದು ಬಲ್ಲವರು ತಪ್ಪೋದು ಇಲ್ಲಿ. ಉರ್ದುವಿನಲ್ಲಿ ನಿಷೇಧಕ್ಕೆ ಬೇರೆ ಪದ ಇದೆ, ಅದು ಸಾಮಾನ್ಯವಾಗಿ ಕ್ರಿಯಾಪದದ ಮುಂಚೆ ಬರುತ್ತೆ: ‘ಮತ್ ಜಾವೊ’, ‘ನ ಜಾಯಿಯೆ’. ನಮ್ಮ ದಖ್ಖನಿಯಲ್ಲಿ ಮರಾಠಿಯಿಂದ ಬಂದ ‘ನಕ್ಕೊ’ ಇದೆ: ‘ನಕ್ಕೊ ಜಾವ್’. (ಈ ‘ನಕ್ಕೊ’ ಅಂದಿದ್ದಕ್ಕೆ ‘ಇದೆಂಥಾ ಉರ್ದು’ ಅಂತ ನಕ್ಕವರನ್ನು ನಾನು ಬಹಳ ನೋಡಿದ್ದೇನೆ. ನಗಲಿ ಬಿಡಿ.) ಈ ಅಭ್ಯಾಸದಿಂದ ತುರ್ಕಿಯಲ್ಲೂ ಮುಂದುಗಡೆ ಇಡೋಕೆ ಒಂದು ‘ಮತ್’ ಹುಡುಕುತ್ತೇವೆ. ಸಿಗಲ್ಲ. ತುರ್ಕಿಯ ‘ಬೇಡ’ ಕ್ರಿಯಾಪದದ ಒಳಗೇ ಕೂತಿರುತ್ತೆ.

ನನಗೆ ಇದು ಅರ್ಥವಾದದ್ದು ಪುಸ್ತಕದಿಂದಲ್ಲ, ಪಲ್ಲಾವರಂ ಶುಕ್ರವಾರದ ಸಂತೆಯಲ್ಲಿ. ಹಳೇ ಪಿಂಗಾಣಿ ಸಾಮಾನು ಹರಡಿಕೊಂಡು ಕೂತವನ ಮುಂದೆ ನನ್ನ ಮಗಳು ಕೈ ಚಾಚಿದಳು. ಅವನು ಹೇಳಿದ: ‘ತೊಡಾದೀಂಗ ಮಾ.’ ಮುಟ್ಟಬೇಡಿ ಅಮ್ಮಾ ಅಂತ. ಮನೆಗೆ ಬರುವ ದಾರಿಯಲ್ಲಿ ಆ ಪದವನ್ನು ಬಿಡಿಸಿ ನೋಡಿದೆ. ‘ತೊಡು’ ಮುಟ್ಟುವುದು, ನಡುವೆ ‘ಆ’ ನಿಷೇಧ, ಕೊನೆಗೆ ‘ದೀಂಗ’ ಗೌರವ. ತುರ್ಕಿಯಲ್ಲಿ ಅದೇ ಮಾತು ‘ದೊಕುನ್ಮಯಿನ್’: ‘ದೊಕುನ್’ ಮುಟ್ಟುವುದು, ‘ಮ’ ನಿಷೇಧ, ‘ಯಿನ್’ ಗೌರವ. ಅದೇ ಸಾಲು, ಅದೇ ಕ್ರಮ!

ಕನ್ನಡದಲ್ಲೂ ಹಾಗೇ. ‘ಮುಟ್ಟಬೇಡಿ’ ಅನ್ನೋದನ್ನು ಬಿಡಿಸಿ: ಮುಟ್ಟ, ಬೇಡ, ಇ. ನಮ್ಮ ‘ಬೇಡ’ ಒಂದು ಕಾಲಕ್ಕೆ ಬೇರೆ ಪದವಾಗಿದ್ದು ಬಂದು ಅಂಟಿಕೊಂಡದ್ದು ಅಂತ ಗೊತ್ತಾಗುತ್ತೆ. ಆದರೆ ‘ಮುಟ್ಟದಿರಿ’ ತಗೊಳ್ಳಿ. ಅಲ್ಲಿ ನಿಷೇಧ ಇರೋದು ನಡುವಿನ ಸಣ್ಣ ‘ದ’ದಲ್ಲಿ. ‘ಬರದೆ’, ‘ತಿನ್ನದ’, ‘ಹೇಳದಿರು’ ಎಲ್ಲದರಲ್ಲೂ ಅದೇ ‘ದ’. ತುರ್ಕಿಯ ‘ಮ’ ಮಾಡುವ ಕೆಲಸವನ್ನೇ ನಮ್ಮ ಈ ‘ದ’ ಮಾಡುತ್ತೆ.

ರಾಬರ್ಟ್ ಕಾಲ್ಡ್‌ವೆಲ್ 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆದಾಗ ಈ ಭಾಷೆಗಳನ್ನು ತುರ್ಕಿಯೂ ಸೇರಿದ ಒಂದು ದೊಡ್ಡ ಗುಂಪಿನ ಜೊತೆ ಹೋಲಿಸಿದ್ದರು. ಎರಡೂ ಒಂದೇ ಕುಟುಂಬ ಅನ್ನೋದನ್ನು ಇವತ್ತಿನ ಭಾಷಾವಿಜ್ಞಾನ ಒಪ್ಪಿಲ್ಲ. ರಕ್ತಸಂಬಂಧ ಇಲ್ಲದಿದ್ದರೂ ಮನೆ ಕಟ್ಟುವ ರೀತಿ ಒಂದೇ: ಬೇರಿಗೆ ಒಂದೊಂದೇ ಪ್ರತ್ಯಯ ಅಂಟಿಸುತ್ತಾ ಹೋಗೋದು. ನನ್ನ ಪಾಠಕ್ಕೆ ಅಷ್ಟು ಸಾಕು.

ಗೌರವ ಕೊಡುವ ‘ಬೇಡಿ’

ಒಬ್ಬ ಸ್ನೇಹಿತನಿಗೆ, ತಮ್ಮನಿಗೆ ‘ಗಿತ್ಮೆ’. ಹಿರಿಯರಿಗೆ, ಅಪರಿಚಿತರಿಗೆ, ಅಥವಾ ಹಲವರಿಗೆ ‘ಗಿತ್ಮೆಯಿನ್’, ಹೋಗಬೇಡಿ. ಕನ್ನಡದಲ್ಲಿ ಗೌರವಕ್ಕೂ ಬಹುವಚನಕ್ಕೂ ಒಂದೇ ‘ಇ’ ಇದೆಯಲ್ಲ, ಅವರಲ್ಲೂ ಒಂದೇ. ‘ಮ’ ಇದ್ದರೆ ‘ಮಯಿನ್’, ‘ಮೆ’ ಇದ್ದರೆ ‘ಮೆಯಿನ್’. ‘ಮಯಿನ್’ನಲ್ಲಿ ಬರುವ ‘ಇ’ ಅಸಲಿಗೆ ಆ ತಮಿಳಿನ ‘ಅದು’ವಿನ ಕೊನೆಯ ಸ್ವರ, ಬರೆಯಲು ಅನುಕೂಲ ಅಂತ ಹೀಗೆ ಬರೆದಿದ್ದೇನೆ.

ಇಲ್ಲಿ ಒಂದು ಸಂತೋಷದ ವಿಷಯ. ‘ಮಾಡಿ’ ಅನ್ನೋದಕ್ಕಿಂತ ‘ಮಾಡಬೇಡಿ’ ಅನ್ನೋದು ತುರ್ಕಿಯಲ್ಲಿ ಸುಲಭ. ‘ಬನ್ನಿ’ ಅನ್ನೋದಕ್ಕೆ ಗೆಲಿನ್, ‘ಕೂತ್ಕೊಳ್ಳಿ’ಗೆ ಒತುರುನ್, ‘ನಗಿ’ಗೆ ಗ್ಯುಲ್ಯುನ್, ಹೀಗೆ ಸ್ವರ ನಾಲ್ಕು ಥರ ಬದಲಾಗುತ್ತೆ. ನಿಷೇಧದಲ್ಲಿ ಎರಡೇ ಥರ. ‘ಗಿತ್’ ಇದ್ದದ್ದು ‘ಹೋಗಿ’ ಅನ್ನುವಾಗ ‘ಗಿದಿನ್’ ಆಗಿ ‘ತ್’ ಹೋಗಿ ‘ದ್’ ಬರುತ್ತೆ. ನಿಷೇಧದಲ್ಲಿ ‘ಗಿತ್ಮೆಯಿನ್’, ‘ತ್’ ಅಲುಗಾಡಲ್ಲ. ಹಾಗಿದ್ದ ಮೇಲೆ ಇದನ್ನು ಪುಸ್ತಕದ ಹಿಂದಕ್ಕೆ ಯಾಕೆ ಹಾಕ್ತಾರೋ!

ಬೋರ್ಡುಗಳ ಮೇಲೆ ಇನ್ನೂ ಗೌರವ: ‘ಮಯಿನಿಜ಼್’, ‘ಮೆಯಿನಿಜ಼್’. ವಸ್ತುಸಂಗ್ರಹಾಲಯದಲ್ಲಿ ‘ಲ್ಯುತ್ಫೆನ್ ದೊಕುನ್ಮಯಿನಿಜ಼್’, ದಯವಿಟ್ಟು ಮುಟ್ಟಬೇಡಿ. ಈ ‘ಲ್ಯುತ್ಫೆನ್’ ನಮ್ಮ ‘ಲುತ್ಫ್’ ಪದವೇ, ದಯೆ, ಕೃಪೆ ಅನ್ನುವ ಅರ್ಥ. ಪಾರ್ಕಿನಲ್ಲಿ ‘ಚಿಮ್ಲೆರೆ ಬಸ್ಮಯಿನಿಜ಼್’, ಹುಲ್ಲಿನ ಮೇಲೆ ಕಾಲಿಡಬೇಡಿ. ‘ಸಿಗರ ಇಚ್ಮೆಯಿನಿಜ಼್’, ಸಿಗರೇಟು ಸೇದಬೇಡಿ. ಅವರೂ ಸಿಗರೇಟನ್ನು ‘ಕುಡಿಯುತ್ತಾರೆ’, ನಾವು ಉರ್ದುವಿನಲ್ಲಿ ‘ಸಿಗರೇಟ್ ಪೀನಾ’ ಅಂದ ಹಾಗೆ. ಇನ್ನು ‘ಯಸಕ್’ ಅಂತ ಒಂದು ಪದ ಎಲ್ಲೆಡೆ ಕಾಣುತ್ತೆ. ಅಂದರೆ ನಿಷಿದ್ಧ, ಅದು ಕಂಡರೆ ನಿಂತುಬಿಡಿ.

ಮೊದಲು ಅವರೂ ನಮ್ಮ ಹಾಗೆ ‘ಮಮ್ನೂ’, ಅವರ ಬಾಯಲ್ಲಿ ‘ಮೆಮ್ನು’, ಅನ್ನುತ್ತಿದ್ದರು. 1932ರಲ್ಲಿ ತುರ್ಕಿ ಭಾಷಾ ಸಂಸ್ಥೆ ಶುರುವಾದ ಮೇಲೆ ಅರಬ್ಬಿ, ಫಾರಸಿ ಪದಗಳನ್ನು ತೆಗೆದು ತುರ್ಕಿ ಪದ ಬಳಸುವ ಚಳವಳಿ ಜೋರಾಯ್ತು. ತನಿತ್ತಮಿಳ್ ಚಳವಳಿ ಹುಟ್ಟುಹಾಕಿದ ಮರೈಮಲೈ ಅಡಿಗಳ್ ಇದ್ದದ್ದು ನಮ್ಮ ಪಲ್ಲಾವರಂನಲ್ಲೇ, ಅವರು 1916ರಲ್ಲೇ ತಮಿಳಿನಲ್ಲಿ ಇಂಥದ್ದೇ ಕೆಲಸ ಕೈಗೆತ್ತಿಕೊಂಡಿದ್ದರು. ಹೀಗಾಗಿ ಉರ್ದು ಪದ ಗೊತ್ತಿದ್ದರೆ ತುರ್ಕಿ ಪೂರ್ತಿ ಗೊತ್ತಾದ ಹಾಗಲ್ಲ.

ಉರ್ದು ಎಲ್ಲಿ ಕೈ ಹಿಡಿಯುತ್ತೆ

ಹಾಗಂತ ಉರ್ದು ದಂಡ ಅಂತಲ್ಲ. ಉರ್ದುವಿನಲ್ಲಿ ನಾಮಪದದ ಮುಂದೆ ‘ಕರ್ನಾ’ ಸೇರಿಸುತ್ತೇವೆ: ಶಿಕಾಯತ್ ಕರ್ನಾ, ಇನ್ಕಾರ್ ಕರ್ನಾ. ತುರ್ಕಿಯಲ್ಲಿ ಅದೇ ಜಾಗಕ್ಕೆ ‘ಎತ್’. ಅದರ ನಿಷೇಧ ‘ಎತ್ಮೆ’. ಈಗ ನಿಮಗೆ ಗೊತ್ತಿರುವ ಪದಗಳನ್ನು ಒಂದೊಂದಾಗಿ ಇಡಿ. ‘ಶಿಕಾಯೆತ್ ಎತ್ಮೆ’, ದೂರಬೇಡ. ‘ಇನ್ಕಾರ್ ಎತ್ಮೆ’, ಅಲ್ಲಗಳೆಯಬೇಡ. ‘ಇಸ್ರಾಫ್ ಎತ್ಮೆ’, ದುಂದು ಮಾಡಬೇಡ. ‘ಜ಼ಹ್ಮೆತ್ ಎತ್ಮೆಯಿನ್’, ತೊಂದರೆ ತಗೋಬೇಡಿ. ನಮ್ಮ ಹಿರಿಯರು ‘ಜ಼ಹಮತ್ ನ ಕೀಜಿಯೆ’ ಅನ್ನೋದೇ ಇದು. ಹೊಸದಾಗಿ ಕಲಿಯಬೇಕಾದದ್ದು ‘ಮೆರಕ್ ಎತ್ಮೆ’, ಚಿಂತೆ ಮಾಡಬೇಡ. ಇದು ದಿನಕ್ಕೆ ಹತ್ತು ಸಲ ಕೇಳುತ್ತೆ.

ಒಂದು ಎಚ್ಚರಿಕೆ: ‘ದಿಕ್ಕತ್’. ನಮಗೆ ಅದು ತೊಂದರೆ, ಅಡಚಣೆ. ಅವರಿಗೆ ಅದು ‘ಗಮನ, ಹುಷಾರು’. ಯಂತ್ರದ ಮೇಲೆ ‘ದಿಕ್ಕತ್’ ಅಂತ ಬರೆದಿದ್ದರೆ ಯಂತ್ರ ಕೆಟ್ಟಿದೆ ಅಂತಲ್ಲ, ನೀವು ಹುಷಾರಾಗಿರಿ ಅಂತ.

ಕಿವಿಯ ಪಾಠ

ಇದೇ ನನ್ನ ಖಾಲಾ ಮಗನಿಗೆ ಗೊತ್ತಿಲ್ಲದೆ ಹೋದದ್ದು. ‘ಮ’, ‘ಮೆ’ ಮೇಲೆ ಉಚ್ಚಾರದ ಒತ್ತು ಬೀಳುವುದಿಲ್ಲ. ಅದಕ್ಕಿಂತ ಹಿಂದಿನ ಅಕ್ಷರದ ಮೇಲೆ ಬೀಳುತ್ತೆ. ‘ಬಸ್ಮ’ ಅನ್ನುವಾಗ ‘ಬಸ್’ ಜೋರು, ‘ಮ’ ಮೆತ್ತಗೆ. ‘ದೊಕುನ್ಮ’ದಲ್ಲಿ ‘ಕುನ್’ ಜೋರು. ನಾವು ಕನ್ನಡದಲ್ಲಿ ‘ಬೇಡ’ ಅನ್ನೋದನ್ನೇ ಗಟ್ಟಿಯಾಗಿ ಹೇಳ್ತೇವೆ, ಕಿವಿ ಅದಕ್ಕೆ ಒಗ್ಗಿದೆ. ತುರ್ಕಿಯಲ್ಲಿ ಗದ್ದಲ ಇದ್ದಾಗ ‘ಬೇಡ’ ಕರಗಿಹೋಗಿ ‘ಮಾಡು’ ಮಾತ್ರ ಉಳಿಯುತ್ತೆ. ಹಾಗಾಗಿ ಕಾರ್ಖಾನೆಗೆ, ರಸ್ತೆ ಕೆಲಸಕ್ಕೆ, ಅಡುಗೆಮನೆಗೆ ಹೋಗುವವರು ಕಿವಿಯನ್ನು ಪದದ ಬಾಲದ ಮೇಲೆ ಇಡಬೇಕು. ಅನುಮಾನ ಬಂದರೆ ಕೈ ಹಿಂದಕ್ಕೆ ತಗೊಂಡು ಮತ್ತೆ ಕೇಳಬೇಕು.

ಒತ್ತು ಬಾಲದ ಮೇಲೆಯೇ ಬಿದ್ದರೆ ಅರ್ಥವೇ ಬೇರೆ. ಅದು ನಿಷೇಧ ಅಲ್ಲ, ಕ್ರಿಯೆಯ ಹೆಸರು. ‘ಯುಜ಼್ಮೆ’ಯಲ್ಲಿ ‘ಯುಜ಼್’ ಜೋರಾದರೆ ಈಜಬೇಡ, ‘ಮೆ’ ಜೋರಾದರೆ ಈಜು. ‘ದೊಂದುರ್ಮ’ದಲ್ಲಿ ‘ದುರ್’ ಜೋರಾದರೆ ಹೆಪ್ಪುಗಟ್ಟಿಸಬೇಡ, ಕೊನೆಯ ‘ಮ’ ಜೋರಾದರೆ ಐಸ್‌ಕ್ರೀಮ್. ವಿಮಾನ ನಿಲ್ದಾಣದಲ್ಲಿ ‘ದನಿಶ್ಮ’ ಅನ್ನುವ ಬೋರ್ಡು ನೋಡಿ ‘ವಿಚಾರಿಸಬೇಡ’ ಅಂತ ಓದಿಕೊಂಡು ವಾಪಸ್ ಬರಬೇಡಿ. ಅದು ವಿಚಾರಣೆಯ ಕೌಂಟರ್!

ಇಲ್ಲ, ಅಲ್ಲ, ಬೇಡ

ಹೊಸಬರು ಮಾಡುವ ಇನ್ನೊಂದು ತಪ್ಪು, ನಿಷೇಧಕ್ಕೆಲ್ಲ ಒಂದೇ ಪದ ಬಳಸೋದು. ಉರ್ದುವಿನಲ್ಲಿ ‘ನಹೀ’ ಎಲ್ಲ ಕಡೆ ನಡೆಯುತ್ತೆ. ತುರ್ಕಿಯಲ್ಲಿ ‘ಯೊಕ್’ ಅಂದರೆ ಇಲ್ಲ: ನೀರು ಇಲ್ಲ, ಸಮಯ ಇಲ್ಲ. ‘ದೆಯಿಲ್’ ಅಂದರೆ ಅಲ್ಲ: ಇದು ನನ್ನದಲ್ಲ, ಅವನು ಮೇಷ್ಟ್ರಲ್ಲ. ‘ಮ, ಮೆ’ ಅಂದರೆ ಬೇಡ. ಇಲ್ಲ, ಅಲ್ಲ, ಬೇಡ ಮೂರನ್ನೂ ಬೇರೆಬೇರೆ ಇಟ್ಟುಕೊಂಡ ಕನ್ನಡಿಗನಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ತಮಿಳಿನ ಆಡುಮಾತಿನಲ್ಲಿ ಕೂಡ ‘ಇಲ್ಲ’, ‘ಅಲ್ಲ’ ಎರಡಕ್ಕೂ ‘ಇಲ್ಲೆ’ ಅಂತಲೇ ನಡೆದುಹೋಗುತ್ತೆ. ಇಲ್ಲಿ ಕನ್ನಡವೇ ಮುಂದೆ.

ನನ್ನ ಮಗಳು ಇಲ್ಲಿ ತಮಿಳು ಓದುತ್ತಾಳೆ, ಮನೆಯಲ್ಲಿ ದಖ್ಖನಿ. ‘ಕನ್ನಡ ಯಾಕಮ್ಮೀ, ಏನು ಉಪಯೋಗ?’ ಅಂತ ಕೇಳುತ್ತಾಳೆ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗೆ. ‘ಯೊಕ್’, ‘ದೆಯಿಲ್’ ಪಾಠದ ದಿನ ಇಡೀ ಕ್ಲಾಸಿನಲ್ಲಿ ತಪ್ಪಿಲ್ಲದೆ ಹೇಳಿದ್ದು ಅವಳೊಬ್ಬಳೇ. ಶಿರಾದ ಅಜ್ಜಿ ಮನೆಯ ರಜೆಗಳು ಕಲಿಸಿದ ಕನ್ನಡದಿಂದ.

ಮೂರನೆಯವರ ಬಗ್ಗೆ

ಎದುರಿಗೆ ಇಲ್ಲದವರ ಬಗ್ಗೆ ಹೇಳುವಾಗ ‘ಸಿನ್’ ಸೇರಿಸಿ. ‘ಗೆಲ್ಮೆಸಿನ್’, ಅವನು ಬರದಿರಲಿ. ದುಆ, ಹಾರೈಕೆಗಳೂ ಹೀಗೇ ಬರುತ್ತವೆ. ‘ಅಲ್ಲಾಹ್ ಗೊಸ್ತೆರ್ಮೆಸಿನ್’, ಅಲ್ಲಾಹನು ಅಂಥದ್ದನ್ನು ತೋರಿಸದಿರಲಿ. ಮಗುವನ್ನು ಹೊಗಳಿದಾಗ ‘ನಜ಼ರ್ ದೆಯ್ಮೆಸಿನ್’. ಕನ್ನಡದಲ್ಲಿ ‘ದೃಷ್ಟಿ ತಾಗದಿರಲಿ’. ತಾಗುವುದಕ್ಕೆ ‘ದೆಯ್’, ‘ದ’ಕ್ಕೆ ‘ಮೆ’, ‘ಇರಲಿ’ಗೆ ‘ಸಿನ್’. ತುಂಡು ತುಂಡಾಗಿ ಹೊಂದಿಕೊಳ್ಳುತ್ತೆ.

ನೀವೇ ಮಾಡಿ ನೋಡಿ

ಐದು ಬೇರು ಕೊಡುತ್ತೇನೆ, ನಿಷೇಧ ಮಾಡಿ. ಯಜ಼್ (ಬರೆ), ಸಿಲ್ (ಒರೆಸು), ಕೊನುಶ್ (ಮಾತಾಡು), ಬೆಕ್ಲೆ (ಕಾಯಿ), ಆಲ (ಅಳು). ಉತ್ತರ: ಯಜ಼್ಮ, ಸಿಲ್ಮೆ, ಕೊನುಶ್ಮ, ಬೆಕ್ಲೆಮೆ, ಆಲಮ. ಈಗ ಐದಕ್ಕೂ ಗೌರವ ಸೇರಿಸಿ ಜೋರಾಗಿ ಹೇಳಿ. ಬಾಲ ಮೆತ್ತಗಿರಲಿ.

ಹೋದ ರಮಜಾನಿನಲ್ಲಿ ಖಾಲಾ ಮಗ ವೀಡಿಯೊ ಕಾಲ್ ಮಾಡಿದ್ದ. ಪಾಠದ ಹೊತ್ತು, ಎಲ್ಲರೂ ಇದ್ದೆವು. ಖಾಲಾ ಅವನ ಮುಖ ನೋಡಿ ಕಣ್ಣೀರು ಹಾಕಿದರು. ಅವನು ಅಲ್ಲಿಂದ ‘ಆಲಮ ಅಮ್ಮಿ, ಆಲಮ’ ಅಂದ. ‘ಕ್ಯಾ ಬೋಲ್ರಾ?’ ಅಂತ ಖಾಲಾ ನನ್ನ ಕಡೆ ತಿರುಗಿದರು. ನಾನು ಬಾಯಿ ತೆರೆಯುವ ಮುಂಚೆ ನನ್ನ ಮಗಳು ಹೇಳಿದಳು: ‘ಅಳಬೇಡ ಅಂತಿದ್ದಾನೆ, ನಾನಿಮಾ.’